ಸೆಪ್ಸಿಸ್ ಐಸಿಯುವಿನ ವಿಟಮಿನ್ ಇಂಜೆಕ್ಷನ್‌ಗಳು: ಥಯಮಿನ್ ಮೊದಲು, ವಿಟಮಿನ್ ಸಿ ಬೇಡ

ಸೋಂಕಿಗೆ ಮೈ ಹದ ತಪ್ಪಿ ಪ್ರತಿಕ್ರಿಯಿಸಿ ಅಂಗಗಳು ಸೋಲತೊಡಗುವುದೇ ಸೆಪ್ಸಿಸ್; ಅದರಲ್ಲಿ ಬಿಪಿಯೂ ಕುಸಿದರೆ ಸೆಪ್ಟಿಕ್ ಶಾಕ್. ಇಂಥ ರೋಗಿಗೆ ಐಸಿಯುವಿನಲ್ಲಿ ಬರೆಯುವ ವಿಟಮಿನ್‌ಗಳು ಮುಖ್ಯವಾಗಿ ಮೂರು: ಥಯಮಿನ್ ಅಂದರೆ ಬಿ1, ವಿಟಮಿನ್ ಸಿ, ಮತ್ತು ಹಳದಿ ಬಣ್ಣದ ಮಲ್ಟಿವಿಟಮಿನ್. ಡಿ ಮತ್ತು ಕೆ ಆಗೊಮ್ಮೆ ಈಗೊಮ್ಮೆ ಸೇರಿಕೊಳ್ಳುತ್ತವೆ. ಎಲ್ಲದಕ್ಕೂ ‘ವಿಟಮಿನ್’ ಎಂದೇ ಕರೆದರೂ ಇವುಗಳ ಕೆಲಸ ಬೇರೆ, ಪುರಾವೆ ಬೇರೆ, ಅಪಾಯವೂ ಬೇರೆ. ಇಲ್ಲಿ ಹೆಚ್ಚಿನ ಮಾತು ಥಯಮಿನ್ ಹೈಡ್ರೋಕ್ಲೋರೈಡ್ ಇಂಜೆಕ್ಷನ್ ಬಗ್ಗೆ. ಉಳಿದವನ್ನು ಅದರ ಪಕ್ಕದಲ್ಲಿಟ್ಟು ತೂಗಿದ್ದೇವೆ. ಇದು ಯಾವ ಬ್ರ್ಯಾಂಡಿನ ವಿಮರ್ಶೆಯೂ ಅಲ್ಲ. ಆಂಪ್ಯೂಲ್‌ನೊಳಗೆ ಇರುವ ವಸ್ತುವಿನ ವಿಮರ್ಶೆ.

ಮೊದಲು ಕೊರತೆ ಎಲ್ಲಿಂದ ಬರುತ್ತದೆ ಎಂಬುದನ್ನು ನೋಡೋಣ. ದೊಡ್ಡವರ ಮೈಯಲ್ಲಿ ಒಟ್ಟು ಥಯಮಿನ್ ದಾಸ್ತಾನು ಸುಮಾರು 25ರಿಂದ 30 ಮಿ.ಗ್ರಾಂ. ಮಾತ್ರ. ಊಟದಿಂದ ಏನೂ ಬರದಿದ್ದರೆ ಎರಡು ಮೂರು ವಾರಗಳಲ್ಲಿ ಅದು ಬರಿದಾಗುತ್ತದೆ. ಇದು ಆರೋಗ್ಯವಂತರ ಲೆಕ್ಕ. ಜ್ವರ, ನಡುಕ, ಏದುಸಿರು ಇದ್ದಾಗ ಮೈ ಹೆಚ್ಚು ಇಂಧನ ಉರಿಸುತ್ತದೆ, ಥಯಮಿನ್ ಖರ್ಚೂ ಏರುತ್ತದೆ. ಜೊತೆಗೆ ಮೂತ್ರ ಹೆಚ್ಚಿಸುವ ಫ್ಯೂರೋಸೆಮೈಡ್ ಕೊಟ್ಟರೆ ಮೂತ್ರದಲ್ಲಿ ಹೋಗುತ್ತದೆ, ಡಯಾಲಿಸಿಸ್ ಹಾಕಿದರೆ ಅದರ ನೀರಿನಲ್ಲಿ ಹೋಗುತ್ತದೆ. ನಮ್ಮ ಕಡೆಯ ಊಟದ ಲೆಕ್ಕವನ್ನೂ ಇಲ್ಲಿ ಸೇರಿಸಬೇಕು. ಅಕ್ಕಿಯ ಬಿ1 ಇರುವುದು ತೌಡಿನಲ್ಲಿ. ಪಾಲಿಶ್ ಮಾಡಿದಾಗ ಹೆಚ್ಚಿನ ಪಾಲು ಗಿರಣಿಯಲ್ಲೇ ಉಳಿಯುತ್ತದೆ. ಮೂರು ನೀರಿನಲ್ಲಿ ತೊಳೆದು, ಬೆಂದ ಮೇಲೆ ಗಂಜಿ ಬಸಿದು ಚೆಲ್ಲಿದರೆ ಉಳಿದದ್ದೂ ಹೋಯಿತು. ಬೆಂಗಳೂರಿನ ಜಯದೇವ ಸಂಸ್ಥೆಯ ವೈದ್ಯರು ಎದೆಹಾಲು ಮಾತ್ರ ಕುಡಿಯುವ ಕೂಸುಗಳಲ್ಲಿ, ಥಯಮಿನ್ ಕೊಟ್ಟೊಡನೆ ಇಳಿಯುವ ಶ್ವಾಸಕೋಶದ ತೀವ್ರ ರಕ್ತದೊತ್ತಡವನ್ನು ಗುರುತಿಸಿ ಪ್ರಕಟಿಸಿದ್ದಾರೆ. ತಾಯಂದಿರ ಬಾಣಂತನದ ಪಥ್ಯ, ಪಾಲಿಶ್ ಅಕ್ಕಿ ಎರಡೂ ಅದರ ಹಿನ್ನೆಲೆಯಲ್ಲಿದ್ದವು. ಕೊರತೆ ಅಷ್ಟು ಹತ್ತಿರ ಇರುವಾಗ ಐಸಿಯುವಿಗೆ ಬರುವವರೆಲ್ಲ ತುಂಬಿದ ದಾಸ್ತಾನಿನೊಂದಿಗೆ ಬರುತ್ತಾರೆ ಎಂದುಕೊಳ್ಳಬಾರದು. ಕುಡಿತದ ಚಟ ಇರುವವರು, ಕ್ಷಯ ಅಥವಾ ಕ್ಯಾನ್ಸರ್‌ನಿಂದ ಬಡಕಲಾದವರು, ವಾರಗಟ್ಟಲೆ ವಾಂತಿ ಮಾಡಿಕೊಂಡ ಬಸುರಿಯರು, ಹೊಟ್ಟೆ ಕಿರಿದು ಮಾಡಿಸಿಕೊಂಡವರು, ಮನೆಯಲ್ಲಿ ಒಬ್ಬರೇ ಇದ್ದು ಸರಿಯಾಗಿ ಉಣ್ಣದ ಹಿರಿಯರು, ಇವರೆಲ್ಲರ ದಾಸ್ತಾನು ಸೋಂಕಿಗೆ ಮೊದಲೇ ತಳ ಕಂಡಿರುತ್ತದೆ.

‘ಗ್ಲೂಕೋಸ್ ಹಾಕಿಸಿಕೊಂಡು ಬಂದೆವು’ ಎಂಬ ಮಾತು ಅಡ್ಮಿಶನ್ ಹೊತ್ತಿನಲ್ಲಿ ಕೇಳಿಬಂದರೆ ಅದನ್ನು ಕೇಸ್ ಶೀಟಿನಲ್ಲಿ ಬರೆದುಕೊಳ್ಳುವುದು ಒಳ್ಳೆಯದು. 5 ಪರ್ಸೆಂಟ್ ಡೆಕ್ಸ್‌ಟ್ರೋಸ್‌ನ 500 ಮಿ.ಲೀ. ಬಾಟ್ಲಿಯಲ್ಲಿ ಇರುವುದು 25 ಗ್ರಾಂ ಸಕ್ಕರೆ, ಸುಮಾರು 85 ಕ್ಯಾಲರಿ, ಹೆಚ್ಚೆಂದರೆ ಎರಡು ಸಣ್ಣ ಇಡ್ಲಿಯಷ್ಟು. ವಿಟಮಿನ್ ಸೊನ್ನೆ. ಊಟ ಬಿಟ್ಟವರಿಗೆ ಮೂರು ನಾಲ್ಕು ದಿನ ಇದನ್ನೇ ಏರಿಸಿದರೆ ಆ ಸಕ್ಕರೆಯನ್ನು ಉರಿಸಲು ಇದ್ದ ಚೂರುಪಾರು ಥಯಮಿನ್ ಕೂಡ ಖರ್ಚಾಗುತ್ತದೆ.

ಥಯಮಿನ್ ಮಾಡುವ ಕೆಲಸ ಇಷ್ಟು. ಸಕ್ಕರೆ ಜೀವಕೋಶದೊಳಗೆ ಒಡೆದು ಪೈರುವೇಟ್ ಆಗುತ್ತದೆ. ಪೈರುವೇಟ್ ಮುಂದಿನ ಕುಲುಮೆಯಾದ ಮೈಟೋಕಾಂಡ್ರಿಯಕ್ಕೆ ಹೋಗಬೇಕಾದರೆ ಪೈರುವೇಟ್ ಡಿಹೈಡ್ರೋಜಿನೇಸ್ ಎಂಬ ಕಿಣ್ವ ಬಾಗಿಲು ತೆಗೆಯಬೇಕು. ಆ ಕಿಣ್ವಕ್ಕೆ ಥಯಮಿನ್ ಇಲ್ಲದೆ ಕೈ ಓಡುವುದಿಲ್ಲ. ಬಾಗಿಲು ಮುಚ್ಚಿದ್ದರೆ ಪೈರುವೇಟ್ ಹಿಂದಕ್ಕೆ ತಿರುಗಿ ಲ್ಯಾಕ್ಟೇಟ್ ಆಗುತ್ತದೆ. ಆಮ್ಲಜನಕ ಸಾಕಷ್ಟಿದ್ದರೂ ಲ್ಯಾಕ್ಟೇಟ್ ಏರುತ್ತದೆ, ರಕ್ತ ಆಮ್ಲವಾಗುತ್ತದೆ, ಹೃದಯ ಮತ್ತು ಮಿದುಳಿಗೆ ಶಕ್ತಿ ಸಾಲದಾಗುತ್ತದೆ. ಸೆಪ್ಸಿಸ್‌ನಲ್ಲಿ ಲ್ಯಾಕ್ಟೇಟ್ ಏರುವುದು ಮಾಮೂಲಾದ್ದರಿಂದ ಥಯಮಿನ್ ಕೊರತೆ ಎಂಬ ಈ ಎರಡನೆಯ ಕಾರಣ ಸೆಪ್ಸಿಸ್‌ನ ನೆರಳಿನಲ್ಲಿ ಅಡಗಿ ಕೂರುತ್ತದೆ.

ಅನುಮಾನ ಬರಬೇಕಾದ ಚಿತ್ರ ಹೀಗಿರುತ್ತದೆ: ಆಂಟಿಬಯೋಟಿಕ್ ಹೊತ್ತಿಗೆ ಸರಿಯಾಗಿ ಹೋಗಿದೆ, ಕೀವಿದ್ದಲ್ಲಿ ತೆಗೆದಾಗಿದೆ, ಸಲೈನ್ ಸಾಕಷ್ಟಾಗಿದೆ, ಬಿಪಿ ಏರಿಸುವ ನಾರ್‌ಅಡ್ರಿನಲಿನ್‌ನಲ್ಲಿ ಸರಾಸರಿ ಬಿಪಿ 65ರ ಮೇಲೆ ನಿಂತಿದೆ, ಬೆರಳ ತುದಿ ಒತ್ತಿ ಬಿಟ್ಟರೆ ರಕ್ತ ಬೇಗ ತುಂಬುತ್ತದೆ, ಆದರೂ ಲ್ಯಾಕ್ಟೇಟ್ ಲೀಟರ್‌ಗೆ 5, 6 ಮಿಲಿಮೋಲ್‌ನಿಂದ ಕೆಳಗೆ ಇಳಿಯುವುದಿಲ್ಲ. ಆಗ ಲ್ಯಾಕ್ಟೇಟ್ ಏರಿಸುವ ಬೇರೆ ಕಾರಣಗಳಾದ ಅಡ್ರಿನಲಿನ್ ಡ್ರಿಪ್, ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆ, ಲಿನೆಜೋಲಿಡ್ ಆಂಟಿಬಯೋಟಿಕ್, ಲಿವರ್ ವೈಫಲ್ಯ, ಕೊಳೆತ ಕರುಳು ಇವನ್ನೆಲ್ಲ ನೋಡಬೇಕು. ಹಾಗೆ ಹುಡುಕುತ್ತಿರುವಾಗಲೇ ಥಯಮಿನ್ ಕೊಟ್ಟುಬಿಡಬೇಕು. ಕೊಟ್ಟರೆ ಕಳೆದುಕೊಳ್ಳುವುದು ತೀರ ಕಡಿಮೆ. ಥಯಮಿನ್ ಕೊರತೆಯಿಂದ ಹೃದಯ ಸೋಲುವ ಬೆರಿಬೆರಿ ಇನ್ನೂ ಮೋಸಗಾರ. ಕೈಕಾಲು ಬೆಚ್ಚಗೆ, ಕೆಳಗಿನ ಬಿಪಿ ತೀರ ಕಡಿಮೆ, ಹೃದಯ ಜೋರಾಗಿ ಬಡಿಯುತ್ತದೆ, ಕಾಲು ಊದಿರುತ್ತದೆ. ನೋಡಿದವರು ಸೆಪ್ಟಿಕ್ ಶಾಕ್ ಎಂದೇ ಓದುತ್ತಾರೆ. ಸೋಂಕು ನಿಜಕ್ಕೂ ಇದ್ದು ಅದರ ಮೇಲೆ ಇದೂ ಇದ್ದರೆ ಬೇರ್ಪಡಿಸುವುದು ಕಷ್ಟ. ಅದೇ ಕೊರತೆ ಮಿದುಳಿಗೆ ತಟ್ಟಿದರೆ ವರ್ನಿಕೆ ಕಾಯಿಲೆ: ಗೊಂದಲ, ಕಣ್ಣಾಲಿ ಸರಿಯಾಗಿ ತಿರುಗದಿರುವುದು, ತೂರಾಡುವ ನಡಿಗೆ. ಮೂರೂ ಒಟ್ಟಿಗೆ ಸಿಗುವುದು ಐವರಲ್ಲಿ ಒಬ್ಬರಿಗೂ ಕಡಿಮೆ. ವೆಂಟಿಲೇಟರ್‌ನಲ್ಲಿ ಮಲಗಿಸಿದವರು ನಡೆಯುವುದೂ ಇಲ್ಲ, ಗೊಂದಲ ತೋರಿಸುವುದೂ ಇಲ್ಲ. ಉಳಿಯುವುದು ಕಣ್ಣು ಮಾತ್ರ, ಆದ್ದರಿಂದ ನಿದ್ದೆಯ ಔಷಧಿ ಇಳಿಸಿದ ಹೊತ್ತಿನಲ್ಲಿ ಕಣ್ಣಾಲಿಯ ಚಲನೆ ನೋಡುವುದನ್ನು ತಪ್ಪಿಸಬಾರದು.

ಪರೀಕ್ಷೆ ಮಾಡಿಸಿ ಆಮೇಲೆ ಕೊಡೋಣ ಎಂಬ ಯೋಚನೆ ಕಾಗದದ ಮೇಲೆ ಚೆನ್ನ. ಸರಿಯಾದ ಪರೀಕ್ಷೆ ಎಂದರೆ ಪೂರ್ಣ ರಕ್ತದಲ್ಲಿ ಥಯಮಿನ್ ಡೈಫಾಸ್ಫೇಟನ್ನು, ಅಂದರೆ ಥಯಮಿನ್ನಿನ ಕೆಲಸ ಮಾಡುವ ರೂಪವನ್ನು, ಎಚ್‌ಪಿಎಲ್‌ಸಿ ಎಂಬ ಬೇರ್ಪಡಿಸಿ ಅಳೆಯುವ ವಿಧಾನದಲ್ಲಿ ನೋಡುವುದು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಟ್ಯೂಬಿನಲ್ಲಿ ತೆಗೆದು, ಬೆಳಕು ತಾಗದಂತೆ ಸುತ್ತಿ, ತಣ್ಣಗೆ ಕಳಿಸಬೇಕು. ಉತ್ತರ ಬರುವುದು ದಿನಗಳ ಮೇಲೆ. ಪ್ಲಾಸ್ಮಾದ ಥಯಮಿನ್ ಅಳೆದರೆ ರಕ್ತದ ಥಯಮಿನ್ನಿನ ಹತ್ತನೆಯ ಒಂದು ಪಾಲಷ್ಟೇ ಕಾಣುತ್ತದೆ, ಬಹುಪಾಲು ಕೆಂಪು ರಕ್ತಕಣಗಳ ಒಳಗಿರುತ್ತದೆ. ಆದ್ದರಿಂದ ಮೊದಲ ಡೋಸ್‌ಗೆ ಮುಂಚೆ ರಕ್ತ ತೆಗೆದಿಡಬಹುದು, ವರದಿಗಾಗಿ ಡೋಸ್ ತಡೆಹಿಡಿಯಬಾರದು.

ಇನ್ನು ಪುರಾವೆ. ಬಾಸ್ಟನ್ನಿನ ಮೈಕೆಲ್ ಡೊನ್ನಿನೊ ತಂಡ 2016ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಸೆಪ್ಟಿಕ್ ಶಾಕ್‌ನ 88 ರೋಗಿಗಳಿಗೆ 200 ಮಿ.ಗ್ರಾಂ. ಥಯಮಿನ್ ಅಥವಾ ಬರಿಯ ದ್ರಾವಣ, ದಿನಕ್ಕೆರಡು ಸಲ, 7 ದಿನ ಕೊಟ್ಟರು. ಎಲ್ಲರನ್ನೂ ಒಟ್ಟು ಹಾಕಿ ನೋಡಿದರೆ 24 ತಾಸಿನ ಲ್ಯಾಕ್ಟೇಟ್‌ನಲ್ಲಿ ವ್ಯತ್ಯಾಸ ಇರಲಿಲ್ಲ. ಆದರೆ ಮೊದಲೇ ಕೊರತೆ ಇದ್ದವರು ಸುಮಾರು ಮೂರನೆಯ ಒಂದು ಪಾಲು ಇದ್ದರು, ಅವರಲ್ಲಿ ಥಯಮಿನ್ ಪಡೆದವರ ಲ್ಯಾಕ್ಟೇಟ್ ಚೆನ್ನಾಗಿ ಇಳಿದಿತ್ತು. ಇದನ್ನು ಹೇಗೆ ಓದಬೇಕೋ ಹಾಗೆಯೇ ಓದಬೇಕು. ಥಯಮಿನ್ ಸೆಪ್ಸಿಸ್‌ಗೆ ಮದ್ದಲ್ಲ, ಥಯಮಿನ್ ಕೊರತೆಗೆ ಮದ್ದು. ಎಲ್ಲರಿಗೂ ಕೊಟ್ಟರೆ ಸಾವು ಕಡಿಮೆಯಾಗುತ್ತದೆ ಎಂದು ತೋರಿಸಿದ ದೊಡ್ಡ ಪ್ರಯೋಗ ಯಾವುದೂ ಇಲ್ಲ. ಆದರೂ ಕೊರತೆ ಯಾರಿಗಿದೆ ಎಂದು ಆ ರಾತ್ರಿಯೇ ತಿಳಿಯುವ ದಾರಿ ಇಲ್ಲದಿರುವಾಗ, ಔಷಧಿ ಅಗ್ಗವಾಗಿ, ಬಹಳ ಸುರಕ್ಷಿತವಾಗಿ ಇರುವಾಗ, ಅಡ್ಮಿಟ್ ಆದ ದಿನವೇ ಶುರು ಮಾಡುವುದು ಸರಿಯಾದ ವ್ಯಾಪಾರ. ಯುರೋಪಿನ ಪೋಷಣಾ ತಜ್ಞರ ಸಂಘವಾದ ಎಸ್ಪೆನ್ 2022ರ ಮಾರ್ಗಸೂಚಿಯಲ್ಲಿ ಐಸಿಯುವಿಗೆ ಬಂದವರಿಗೆ ಮೊದಲ 3-4 ದಿನ ನಿತ್ಯ 100ರಿಂದ 300 ಮಿ.ಗ್ರಾಂ. ರಕ್ತನಾಳದಲ್ಲಿ ಕೊಡಲು ಹೇಳುತ್ತದೆ.

ಈಗ ಆಂಪ್ಯೂಲ್ ಕೈಗೆ ತೆಗೆದುಕೊಳ್ಳೋಣ. ಬೇಕಾದದ್ದು ಬರೀ ಥಯಮಿನ್, 1 ಮಿ.ಲೀ.ಗೆ 100 ಮಿ.ಗ್ರಾಂ., ರಕ್ತನಾಳಕ್ಕೆ ಕೊಡಬಹುದು ಎಂದು ಲೇಬಲ್ ಹೇಳಬೇಕು. ದ್ರಾವಣಕ್ಕೆ ಬಣ್ಣ ಇರುವುದಿಲ್ಲ. 200 ಮಿ.ಗ್ರಾಂ. ಎಳೆದು 100 ಮಿ.ಲೀ. ನಾರ್ಮಲ್ ಸಲೈನ್‌ಗೆ ಸೇರಿಸಿ ಅರ್ಧ ತಾಸಿನಲ್ಲಿ ಹರಿಸುವುದು, 12 ತಾಸಿಗೊಮ್ಮೆ. ವರ್ನಿಕೆ ಅನುಮಾನ ಇದ್ದರೆ ಈ ಡೋಸ್ ಸಾಲದು, 500 ಮಿ.ಗ್ರಾಂ. ದಿನಕ್ಕೆ ಮೂರು ಸಲ ಎರಡು ಮೂರು ದಿನ, ಆಮೇಲೆ ನಿತ್ಯ 250 ಮಿ.ಗ್ರಾಂ. ಇನ್ನೂ ಮೂರರಿಂದ ಐದು ದಿನ. ಅಲರ್ಜಿಯ ತೀವ್ರ ಪ್ರತಿಕ್ರಿಯೆ ಅಪರೂಪ, ಇಲ್ಲವೇ ಇಲ್ಲ ಎನ್ನುವಂತಿಲ್ಲ. ಒಮ್ಮೆಲೇ ಸಿರಿಂಜ್‌ನಿಂದ ತಳ್ಳುವ ಬದಲು ನಿಧಾನಕ್ಕೆ ಹರಿಸುವುದು ಅದಕ್ಕೇ, ಅಡ್ರಿನಲಿನ್ ಕೈಗೆಟುಕುವಂತಿರಬೇಕು. ಮಾಂಸಕ್ಕೆ ಚುಚ್ಚಿದರೆ ದ್ರಾವಣ ಆಮ್ಲೀಯವಾದ್ದರಿಂದ ಚೆನ್ನಾಗಿ ಉರಿಯುತ್ತದೆ. ಬಿಪಿ ಬಿದ್ದವರ ಮಾಂಸದಿಂದ ಅದು ಹೀರಿಕೊಳ್ಳುವ ಭರವಸೆಯೂ ಇಲ್ಲ, ಪ್ಲೇಟ್‌ಲೆಟ್ ಇಳಿದಿದ್ದರೆ ಅಲ್ಲಿ ರಕ್ತ ಕಟ್ಟುತ್ತದೆ. ಊದಿಕೊಂಡ ಕರುಳಿನ ಕಾರಣ ಮೂಗಿನಿಂದ ಹೊಟ್ಟೆಗೆ ಇಳಿಸಿದ ರೈಲ್ಸ್ ಟ್ಯೂಬ್‌ನಲ್ಲಿ ಮಾತ್ರೆ ಅರೆದು ಹಾಕುವುದೂ ಮೊದಲ ದಿನಗಳಿಗೆ ಹೊಂದುವುದಿಲ್ಲ.

ತಪ್ಪುವುದು ಎಲ್ಲಿ? ಮೊದಲನೆಯದಾಗಿ ಔಷಧಿ ಅಂಗಡಿಯಲ್ಲಿ. ‘ಬಿ1 ಇಂಜೆಕ್ಷನ್ ಕೊಡಿ’ ಎಂದರೆ ಕೈಗೆ ಬರುವುದು ಸಾಮಾನ್ಯವಾಗಿ ನರಗಳ ಶಕ್ತಿಗೆಂದು ಮಾರುವ ಮಿಶ್ರಣ. ಅಂಥ ಎಷ್ಟೋ ಮಿಶ್ರಣಗಳಲ್ಲಿ ಬಿ12 ಜೋರಾಗಿದ್ದು ಬಿ1 ಇರುವುದೇ ಇಲ್ಲ, ಅದರ ಜಾಗದಲ್ಲಿ ಬಿ6, ನಿಕೋಟಿನಮೈಡ್ ಕೂತಿರುತ್ತವೆ. ಇದ್ದರೂ ಥಯಮಿನ್ ಡೋಸ್ ಏರಿಸಹೊರಟರೆ ಬಿ6 ಕೂಡ ಅಷ್ಟೇ ಪಟ್ಟು ಏರುತ್ತದೆ. ಲೇಬಲ್‌ನಲ್ಲಿ ‘ಮಾಂಸಕ್ಕೆ ಮಾತ್ರ’ ಎಂದಿದ್ದರೆ ಡ್ರಿಪ್‌ಗೆ ಸೇರಿಸುವಂತಿಲ್ಲ. ಆದ್ದರಿಂದ ಬ್ರ್ಯಾಂಡ್ ಹೆಸರಲ್ಲ, ‘ಥಯಮಿನ್ 100 ಮಿ.ಗ್ರಾಂ.’ ಎಂದು ಬರೆದ ಸಾಲು ಓದಿ. ಬಿ1ರ ಇನ್ನೊಂದು ರೂಪವಾದ ಬೆನ್ಫೋಟಯಮಿನ್ ಮಾತ್ರೆಯನ್ನು ಇದಕ್ಕೆ ಬದಲಿ ಎಂದು ಕೊಡುವುದೂ ಉಂಟು; ಅದು ಈ ಕೆಲಸದ್ದಲ್ಲ.

ಎರಡನೆಯದು ಆಮ್ಲ ಇಳಿಸಲು ಕೊಡುವ ಸೋಡಾ ಬೈಕಾರ್ಬ್. ಲ್ಯಾಕ್ಟೇಟ್ ಏರಿ ರಕ್ತ ಆಮ್ಲವಾದ ರೋಗಿಗೆ ಅದೂ ಹೋಗುತ್ತಿರುತ್ತದೆ, ಅದೇ ಲೈನಿಗೆ ಥಯಮಿನ್ ಜೋಡಿಸಿದರೆ ಕ್ಷಾರದಲ್ಲಿ ಅದು ಕೆಟ್ಟುಹೋಗುತ್ತದೆ. ಸಲ್ಫೈಟ್ ಇರುವ ದ್ರಾವಣಗಳೂ ಥಯಮಿನ್‌ಗೆ ಶತ್ರು. ಬೇರೆ ಲೈನ್ ಇಲ್ಲದಿದ್ದರೆ ಬೈಕಾರ್ಬ್ ನಿಲ್ಲಿಸಿ, ಸಲೈನ್‌ನಿಂದ ತೊಳೆದು, ಥಯಮಿನ್ ಹರಿಸಿ, ಮತ್ತೆ ತೊಳೆದು ಮುಂದುವರಿಸಬೇಕು. ಆಂಪ್ಯೂಲ್‌ಗಳನ್ನು ಪೆಟ್ಟಿಗೆಯಿಂದ ಕಿತ್ತು ಕಿಟಕಿ ಪಕ್ಕದ ಟ್ರೇಯಲ್ಲಿ ಬಿಸಿಲಿಗೆ ಬಿಡುವುದು ಮೂರನೆಯ ತಪ್ಪು.

ಮ್ಯಾಗ್ನೀಸಿಯಂ ಮರೆಯುವುದು ಎಲ್ಲಕ್ಕಿಂತ ದೊಡ್ಡದು. ಕೊಟ್ಟ ಥಯಮಿನ್ ಕೆಲಸಕ್ಕೆ ಬರುವ ರೂಪಕ್ಕೆ ಬದಲಾಗಲು ಮ್ಯಾಗ್ನೀಸಿಯಂ ಬೇಕು. ಅದಿಲ್ಲದೆ ಎಷ್ಟು ಸುರಿದರೂ ಲ್ಯಾಕ್ಟೇಟ್ ಕದಲುವುದಿಲ್ಲ. ಆಗ ‘ಥಯಮಿನ್ ಕೊಟ್ಟು ನೋಡಿದೆವು, ಉಪಯೋಗ ಆಗಲಿಲ್ಲ’ ಎಂದು ಬರೆದು ಮುಗಿಸುತ್ತಾರೆ. ಕುಡಿತ, ಭೇದಿ, ಫ್ಯೂರೋಸೆಮೈಡ್ ಇವೆಲ್ಲ ಎರಡನ್ನೂ ಒಟ್ಟಿಗೇ ಬರಿದು ಮಾಡುತ್ತವೆ. 50 ಪರ್ಸೆಂಟ್ ಮ್ಯಾಗ್ನೀಸಿಯಂ ಸಲ್ಫೇಟ್‌ನ 4 ಮಿ.ಲೀ. ಅಂದರೆ 2 ಗ್ರಾಂ, 100 ಮಿ.ಲೀ. ಸಲೈನ್‌ನಲ್ಲಿ ಒಂದೆರಡು ತಾಸು. ಕಿಡ್ನಿ ಕೆಲಸ ಮಾಡುತ್ತಿಲ್ಲದಿದ್ದರೆ ಅಳೆದು ನೋಡಿಯೇ ಕೊಡಬೇಕು.

ಊಟ ಶುರು ಮಾಡುವ ದಿನದ್ದು ಇನ್ನೊಂದು ಗಂಡಾಂತರ. ದಿನಗಟ್ಟಲೆ ಉಪವಾಸ ಇದ್ದ ಮೈಗೆ ಟ್ಯೂಬ್‌ನಲ್ಲಿ ಒಮ್ಮೆಲೇ ಪೂರ್ತಿ ಫೀಡ್ ಹಾಕಿದರೆ ಇನ್ಸುಲಿನ್ ಏರಿ ಫಾಸ್ಫೇಟ್, ಪೊಟ್ಯಾಸಿಯಂ, ಮ್ಯಾಗ್ನೀಸಿಯಂ ಜೀವಕೋಶದೊಳಗೆ ನುಗ್ಗುತ್ತವೆ, ಥಯಮಿನ್ ಒಮ್ಮೆಲೇ ಸವೆಯುತ್ತದೆ. ಅಮೆರಿಕದ ಪೋಷಣಾ ತಜ್ಞರ ಸಂಘವಾದ ಆಸ್ಪೆನ್‌ನ 2020ರ ಒಮ್ಮತದ ಸಲಹೆ ಹೀಗಿದೆ: ಅಪಾಯ ಇರುವವರಿಗೆ ಫೀಡ್ ಅಥವಾ ಡೆಕ್ಸ್‌ಟ್ರೋಸ್‌ಗೆ ಮೊದಲು 100 ಮಿ.ಗ್ರಾಂ. ಥಯಮಿನ್, ನಂತರ ನಿತ್ಯ 100 ಮಿ.ಗ್ರಾಂ. 5ರಿಂದ 7 ದಿನ. ಮೊದಲ ದಿನ ಕೆ.ಜಿ.ಗೆ 10ರಿಂದ 20 ಕ್ಯಾಲರಿ ಮಾತ್ರ. ಮೊದಲ ಮೂರು ದಿನ 12 ತಾಸಿಗೊಮ್ಮೆ ಲವಣಗಳ ಪರೀಕ್ಷೆ. 50 ಕೆ.ಜಿ. ತೂಕದವರಿಗೆ ಮೊದಲ ದಿನದ ಆ ಅಳತೆ 500ರಿಂದ 1000 ಕ್ಯಾಲರಿ. ಆದರೆ ರಕ್ತದ ಸಕ್ಕರೆ 40ಕ್ಕೆ ಬಿದ್ದು ಪ್ರಜ್ಞೆ ತಪ್ಪಿದವರಿಗೆ ಥಯಮಿನ್ ಹುಡುಕುತ್ತ ಡೆಕ್ಸ್‌ಟ್ರೋಸ್ ತಡ ಮಾಡಬಾರದು. ಸಕ್ಕರೆ ತಕ್ಷಣ, ಥಯಮಿನ್ ಅದರ ಬೆನ್ನಿಗೆ.

ಹಳದಿ ಮಲ್ಟಿವಿಟಮಿನ್ ಬಗ್ಗೆ ಒಂದು ಮಾತು. ಬಾಟ್ಲಿಗೂ ಮೂತ್ರಕ್ಕೂ ಹಳದಿ ಬಣ್ಣ ಕೊಡುವುದು ರೈಬೋಫ್ಲೇವಿನ್, ಅಂದರೆ ಬಿ2. ಬಣ್ಣ ಕಂಡ ಮಾತ್ರಕ್ಕೆ ಬಿ1 ಸಾಕಷ್ಟು ಹೋಯಿತು ಎಂದಲ್ಲ. ನಿತ್ಯದ ಅಗತ್ಯಕ್ಕೆಂದು ತಯಾರಾದ ಕೆಲವು ಮಿಶ್ರಣಗಳಲ್ಲಿ ಥಯಮಿನ್ ಇರುವುದು ಕೆಲವೇ ಮಿ.ಗ್ರಾಂ. ಬರಿದಾದ ಕಣಜ ತುಂಬಲು ಅದು ಸಾಲದು. ಹಾಗೆಂದು ಅದು ನಿಷ್ಪ್ರಯೋಜಕವೂ ಅಲ್ಲ. ರಕ್ತನಾಳದ ಮೂಲಕವೇ ಪೂರ್ತಿ ಆಹಾರ ಕೊಡುತ್ತಿದ್ದರೆ ಪ್ರತಿದಿನ ಬೇಕೇ ಬೇಕು. 1997ರ ಸುಮಾರಿಗೆ ಅಮೆರಿಕದಲ್ಲಿ ಮಲ್ಟಿವಿಟಮಿನ್ ಇಂಜೆಕ್ಷನ್‌ಗೆ ಕೊರತೆ ಬಿದ್ದು, ಅದಿಲ್ಲದೆ ರಕ್ತನಾಳದ ಆಹಾರದ ಮೇಲಿದ್ದ ರೋಗಿಗಳಿಗೆ ಲ್ಯಾಕ್ಟಿಕ್ ಆಸಿಡೋಸಿಸ್, ಅಂದರೆ ಲ್ಯಾಕ್ಟೇಟ್ ಏರಿ ರಕ್ತ ಆಮ್ಲವಾಗುವ ಸ್ಥಿತಿ, ಬಂದಿತ್ತು. ಕಾರಣ ಥಯಮಿನ್ ಕೊರತೆ ಎಂದು ಅಲ್ಲಿನ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಆಗಲೇ ವರದಿ ಮಾಡಿದೆ. ಹಾಕುವಾಗ ಚೀಲಕ್ಕೆ ಬೆಳಕು ತಾಗದಂತೆ ಹೊದಿಕೆ ಇರಲಿ.

ವಿಟಮಿನ್ ಸಿ ಕಥೆ ಬೇರೆಯೇ. ಸೆಪ್ಟಿಕ್ ಶಾಕ್‌ನಲ್ಲಿ ರಕ್ತದ ವಿಟಮಿನ್ ಸಿ ಪಾತಾಳಕ್ಕೆ ಇಳಿಯುತ್ತದೆ ಎಂಬುದು ನಿಜ. ಲೀಟರ್‌ಗೆ 11 ಮೈಕ್ರೋಮೋಲ್‌ಗಿಂತ ಕಡಿಮೆ, ಅಂದರೆ ವಿಟಮಿನ್ ಸಿ ಕೊರತೆಯ ಕಾಯಿಲೆಯಾದ ಸ್ಕರ್ವಿಯ ಮಟ್ಟ, ಎಷ್ಟೋ ಜನರಲ್ಲಿ ಕಾಣುತ್ತದೆ. 2017ರಲ್ಲಿ ವರ್ಜೀನಿಯಾದ ಪಾಲ್ ಮಾರಿಕ್ ತಂಡ ವಿಟಮಿನ್ ಸಿ 1.5 ಗ್ರಾಂ 6 ತಾಸಿಗೊಮ್ಮೆ, ಹೈಡ್ರೋಕಾರ್ಟಿಸೋನ್ 50 ಮಿ.ಗ್ರಾಂ. 6 ತಾಸಿಗೊಮ್ಮೆ, ಥಯಮಿನ್ 200 ಮಿ.ಗ್ರಾಂ. 12 ತಾಸಿಗೊಮ್ಮೆ ಕೊಟ್ಟ 47 ರೋಗಿಗಳನ್ನು ಅದಕ್ಕೆ ಹಿಂದಿನ 47 ರೋಗಿಗಳ ಜೊತೆ ಹೋಲಿಸಿತು. ಸಾವು 40.4ರಿಂದ 8.5 ಪರ್ಸೆಂಟ್‌ಗೆ ಇಳಿದಂತೆ ಕಂಡಿತು. ಜಗತ್ತಿನಾದ್ಯಂತ ಐಸಿಯುಗಳು ಇದನ್ನು ಎತ್ತಿಕೊಂಡವು. ಚೀಟಿ ಎತ್ತಿ ಹಂಚಿದ ಪ್ರಯೋಗಗಳು ಬಂದಾಗ ಆ ಲಾಭ ಎಲ್ಲೂ ಮರುಕಳಿಸಲಿಲ್ಲ: 2020ರ ವಿಟಮಿನ್ಸ್ ಪ್ರಯೋಗದ 216 ರೋಗಿಗಳಲ್ಲಿ ವ್ಯತ್ಯಾಸ ಇಲ್ಲ, 2021ರ ವಿಕ್ಟಾಸ್‌ನ 501 ರೋಗಿಗಳಲ್ಲೂ ಇಲ್ಲ. 2022ರ ಲೊವಿಟ್ ಇನ್ನೂ ಮುಂದೆ ಹೋಯಿತು. ಕೆ.ಜಿ.ಗೆ 50 ಮಿ.ಗ್ರಾಂ. 6 ತಾಸಿಗೊಮ್ಮೆ ವಿಟಮಿನ್ ಸಿ ಪಡೆದವರಲ್ಲಿ 28ನೆಯ ದಿನಕ್ಕೆ ಸಾವು ಅಥವಾ ಅಂಗವೈಫಲ್ಯ ಉಳಿದದ್ದು 44.5 ಪರ್ಸೆಂಟ್, ಪಡೆಯದವರಲ್ಲಿ 38.5. ಅಂದರೆ ಪಡೆದವರಿಗೇ ಕೆಡುಕು ಹೆಚ್ಚು. ಅದಕ್ಕೂ ಮುಂಚೆ, 2021ರಲ್ಲೇ, ಸೆಪ್ಸಿಸ್ ಚಿಕಿತ್ಸೆಯ ಅಂತಾರಾಷ್ಟ್ರೀಯ ಮಾರ್ಗಸೂಚಿಯಾದ ಸರ್ವೈವಿಂಗ್ ಸೆಪ್ಸಿಸ್ ಇದು ಬೇಡ ಎಂದಿತ್ತು.

ಅಳತೆ ನೋಡಿದರೆ ವಿಷಯ ತಿಳಿಯಾಗುತ್ತದೆ: 60 ಕೆ.ಜಿ.ಯವರಿಗೆ ಲೊವಿಟ್ ಡೋಸ್ ದಿನಕ್ಕೆ 12 ಗ್ರಾಂ. ಆರೋಗ್ಯವಂತರಿಗೆ ಬೇಕಾದದ್ದು 0.1 ಗ್ರಾಂ ಒಳಗೆ. ಇಷ್ಟು ಸುರಿದಾಗ ಅದು ಆಕ್ಸಲೇಟ್ ಆಗಿ ಕಿಡ್ನಿಯಲ್ಲಿ ಹರಳುಗಟ್ಟಬಹುದು, ಕೆಂಪು ರಕ್ತಕಣ ಕಾಯುವ ಜಿ6ಪಿಡಿ ಕಿಣ್ವದ ಕೊರತೆ ಇದ್ದವರ ಕೆಂಪು ಕಣ ಒಡೆಯಬಹುದು. ಎಲ್ಲಕ್ಕಿಂತ ಹತ್ತಿರದ ಅಪಾಯ ಗ್ಲೂಕೋಮೀಟರ್. ಕೆಲವು ಮೀಟರ್‌ಗಳು ವಿಟಮಿನ್ ಸಿಯನ್ನೇ ಸಕ್ಕರೆ ಎಂದು ಓದುತ್ತವೆ, 300 ಎಂದು ತೋರಿಸುತ್ತವೆ, ಇನ್ಸುಲಿನ್ ಏರುತ್ತದೆ, ನಿಜವಾದ ಸಕ್ಕರೆ ತಳ ಮುಟ್ಟುತ್ತದೆ. ಯಾವುದೇ ಕಾರಣಕ್ಕೆ ದೊಡ್ಡ ಡೋಸ್ ಹೋಗಿದ್ದರೆ ಲ್ಯಾಬ್‌ಗೆ ಕಳಿಸಿದ ರಕ್ತದ ಸಕ್ಕರೆಯನ್ನೇ ನಂಬಬೇಕು. ನಿತ್ಯದ ಪೋಷಣೆಯ ಅಳತೆಯಲ್ಲಿ ವಿಟಮಿನ್ ಸಿ ಕೊಡಲು ಅಡ್ಡಿ ಇಲ್ಲ; ಅದು ಫೀಡ್‌ನಲ್ಲೋ ಮಲ್ಟಿವಿಟಮಿನ್‌ನಲ್ಲೋ ಬಂದೇ ಬರುತ್ತದೆ. ಗ್ರಾಂಗಟ್ಟಲೆ ವಯಲ್ ತರಲು ಮನೆಯವರ ಕೈಗೆ ಚೀಟಿ ಕೊಡುವುದನ್ನು ಮಾತ್ರ ನಿಲ್ಲಿಸಬೇಕು.

ವಿಟಮಿನ್ ಡಿ ಕೂಡ ಇಲ್ಲಿ ತುರ್ತಿನದಲ್ಲ. 2019ರ ವೈಯೊಲೆಟ್ ಪ್ರಯೋಗದಲ್ಲಿ 5,40,000 ಯೂನಿಟ್ ಒಂದೇ ಸಲ ಹೊಟ್ಟೆಗೆ ಕೊಟ್ಟರೂ 90 ದಿನದ ಸಾವು ಇಳಿಯಲಿಲ್ಲ. ಉರಿಯೂತದಲ್ಲಿ, ಸಲೈನ್ ತುಂಬಿದ ಮೈಯಲ್ಲಿ ಡಿ ಮಟ್ಟ ತಾನಾಗಿ ಕಡಿಮೆ ಕಾಣುತ್ತದೆ. ಗುಣವಾದ ಮೇಲೆ ಅಳೆದು ಸರಿಪಡಿಸಿದರೆ ಸಾಕು.

ಕೆ ಮಾತ್ರ ಮರೆಯಬಾರದು. ಊಟವಿಲ್ಲದೆ ನಾಲ್ಕೈದು ದಿನ ಬ್ರಾಡ್ ಆಂಟಿಬಯೋಟಿಕ್, ಅದರಲ್ಲೂ ಸೆಫೊಪೆರಜೋನ್-ಸಲ್ಬ್ಯಾಕ್ಟಮ್ ಹೋಗುತ್ತಿರುವಾಗ ಐಎನ್‌ಆರ್, ಅಂದರೆ ರಕ್ತ ಹೆಪ್ಪುಗಟ್ಟಲು ಹಿಡಿಯುವ ಹೊತ್ತಿನ ಅಳತೆ, ಏರಿದರೆ, ಲಿವರ್ ತೊಂದರೆ ಅಥವಾ ಡಿಐಸಿ (ಮೈಯೆಲ್ಲ ಹೆಪ್ಪುಗಟ್ಟಿ ಹೆಪ್ಪಿನ ಅಂಶಗಳು ಮುಗಿದುಹೋಗುವುದು) ಎಂದು ಪ್ಲಾಸ್ಮಾ ಬಾಟ್ಲಿ ಏರಿಸುವ ಮೊದಲು ಕೆ ಕೊರತೆ ಯೋಚಿಸಬೇಕು. ವಿಟಮಿನ್ ಕೆ1 10 ಮಿ.ಗ್ರಾಂ. ಸಲೈನ್‌ನಲ್ಲಿ ಅರ್ಧ ತಾಸು ನಿಧಾನವಾಗಿ. ವೇಗವಾಗಿ ತಳ್ಳಿದರೆ ಬಿಪಿ ಕುಸಿಯುವ ಪ್ರತಿಕ್ರಿಯೆ ಆಗಬಹುದು. ಪೆಟ್ಟಿಗೆಯ ಮೇಲೆ ಕೆ1 ಎಂದೇ ಇರಬೇಕು, ಕೆ3 ಅಲ್ಲ. ಅರ್ಧ ದಿನದಲ್ಲಿ ಐಎನ್‌ಆರ್ ಇಳಿಯತೊಡಗಿದರೆ ಕಾರಣ ತಿಳಿದಂತೆಯೇ.

ಒಟ್ಟಿನಲ್ಲಿ ಥಯಮಿನ್ ಇಂಜೆಕ್ಷನ್‌ಗೆ ಐದಕ್ಕೆ ನಾಲ್ಕೂವರೆ. ಬಿಟ್ಟ ಅರ್ಧ ಅಂಕ, ಬರೀ ಬಿ1 ಆಂಪ್ಯೂಲ್ ಎಲ್ಲ ಔಷಧಿ ಅಂಗಡಿಗಳಲ್ಲಿ ಸುಲಭಕ್ಕೆ ಸಿಗದಿರುವುದಕ್ಕೆ. ಕೊಂಡು ತಂದದ್ದು ಪೂರ್ತಿ ಹೋಗುವಂತೆ ನೋಡಿಕೊಳ್ಳುವುದು ವಾರ್ಡಿನವರ ಪಾಲು. ಐಸಿಯುವಿನಿಂದ ವಾರ್ಡ್‌ಗೆ ಕಳಿಸುವ ದಿನ ಡ್ರಗ್ ಚಾರ್ಟ್ ಹೊಸದಾಗಿ ಬರೆಯುವಾಗ ಥಯಮಿನ್ ಸಾಲು ಬಿಟ್ಟುಹೋಗುವುದು ಹೆಚ್ಚು, ಏಕೆಂದರೆ ಆ ಹೊತ್ತಿಗೆ ಲ್ಯಾಕ್ಟೇಟ್ ಸರಿಯಾಗಿರುತ್ತದೆ, ಯಾರಿಗೂ ನೆನಪಾಗುವುದಿಲ್ಲ. ಕುಡಿತದ ಚಟವೋ ಪೋಷಣೆಯ ಕೊರತೆಯೋ ಇದ್ದವರಿಗೆ ಬಾಯಿಂದ ಉಣ್ಣಲು ಶುರುವಾದ ಮೇಲೆ 100 ಮಿ.ಗ್ರಾಂ. ಮಾತ್ರೆ ದಿನಕ್ಕೊಂದರಂತೆ ಡಿಸ್ಚಾರ್ಜ್ ಚೀಟಿಯಲ್ಲೂ ಬರೆದಿರಬೇಕು.